ಸೊಣ್ಣಮ್ಮನ ಪಾಲಿನ ಬಿಸಿನೀರು

ರಾಜಘಟ್ಟದಲ್ಲಿ ನಮ್ಮ ಮನೆಗೂ ಗಂಗಣ್ಣನ ಮನೆಗೂ ನಡುವೆ ಇರುವುದು ಒಂದು ಮೋಟುಗೋಡೆ. ಬೆಳಗಾದರೆ ಆ ಕಡೆಯ ಬಚ್ಚಲುಮನೆಯ ಹೊಗೆ ನಮ್ಮ ಅಂಗಳಕ್ಕೆ ಬರುತ್ತದೆ. ಹೊಗೆ ಬಂತೆಂದರೆ ಸೊಣ್ಣಮ್ಮ ಎದ್ದಿದ್ದಾಳೆ ಎಂದು ಅರ್ಥ. ಗಂಗಣ್ಣನ ಒಡಹುಟ್ಟಿದ ಅಕ್ಕ ಅವಳು. ಗಂಡ ಸತ್ತ ಮೇಲೆ ತವರಿಗೆ ಬಂದವಳು, ಬಂದ ಮರುದಿನವೇ ನೀರು ಕಾಯಿಸುವ ಹಂಡೆಯ ಮುಂದೆ ಕೂತಳು. ಅಲ್ಲಿಂದ ಅವಳನ್ನು ಯಾರೂ ಏಳಿಸಲಿಲ್ಲ. ನೀಲಗಿರಿ ಸೊಪ್ಪಿನ ಹೊಗೆ ಕುಡಿದು ಕುಡಿದು ಈಗ ಕಣ್ಣು ಮಂಜಾಗಿದೆ.

ಆ ಮನೆಯಲ್ಲಿ ಸ್ನಾನಕ್ಕೊಂದು ಸರದಿ ಇದೆ. ಮೊದಲು ಗಂಗಣ್ಣ, ಆಮೇಲೆ ಮಗ ಕೆಂಪರಾಜ್, ಮೊಮ್ಮಗಳು ಸಿಂಚನ, ಗಂಗಣ್ಣನ ಹೆಂಡತಿ ಲಕ್ಷ್ಮೀದೇವಮ್ಮ, ಸೊಸೆ ಜ್ಯೋತಿಲಕ್ಷ್ಮಿ. ಎಲ್ಲರದೂ ಮುಗಿದು ಹಂಡೆಯ ತಳದಲ್ಲಿ ಉಳಿದದ್ದು ಸೊಣ್ಣಮ್ಮನಿಗೆ. ಕಾಯಿಸಿದವಳಿಗೆ ಆರಿದ ನೀರು. ಇದು ಅನ್ಯಾಯವೆಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ, ಅವಳಿಗೂ ಅನ್ನಿಸಿರಲಿಲ್ಲ. ನನಗೆ ಅನ್ನಿಸುತ್ತಿತ್ತು. ಆದರೆ ಪಕ್ಕದ ಮನೆಯವಳ ಹೊಟ್ಟೆಯುರಿಗೆ ಯಾರು ಬೆಲೆ ಕೊಡುತ್ತಾರೆ?

ಹೋದ ವರ್ಷ ಗಂಗಣ್ಣನ ನೀಲಗಿರಿ ತೋಪು ಲೇಔಟ್ ಪಾಲಾಯಿತು. ಕೈಯಲ್ಲಿ ದುಡ್ಡು ಆಡಿದ್ದೇ ತಡ, ಅವನ ಗೆಳೆಯ ದೇವರಾಜ್ ಹೊನ್ನಾವರದ ಆಚೆ ಕಡಲ ದಂಡೆಯಲ್ಲಿ ಒಂದು ಮನೆ ಕೊಡಿಸಿದ. "ಅಕ್ಕಾ, ನಿಮಗೂ ಸಮುದ್ರ ತೋರಿಸ್ತೀವಿ," ಎಂದಳು ಲಕ್ಷ್ಮೀದೇವಮ್ಮ. ಸೊಣ್ಣಮ್ಮ ಹುಟ್ಟಿದಾಗಿನಿಂದ ಕಂಡ ದೊಡ್ಡ ನೀರೆಂದರೆ ಊರ ಕೆರೆ. ಕಣ್ಣು ಪೂರ್ತಿ ಹೋಗುವ ಮುಂಚೆ ಸಮುದ್ರ ನೋಡಬೇಕು ಎಂಬ ಆಸೆ ಅಂದೇ ಅವಳಿಗೆ ಹತ್ತಿಕೊಂಡಿತು. ಹೊಸ ಮನೆಗೆಂದು ಸಂಡಿಗೆ ಇಟ್ಟಳು, ಖಾರದಪುಡಿ ಕುಟ್ಟಿದಳು, ಹಳೆ ಸೀರೆ ಸೇರಿಸಿ ಹೊದೆಯಲು ಬೊಂತೆ ಹೊಲಿದಳು. ಕೈ ಒಂದಿಷ್ಟು ನಿಧಾನವಾದರೆ ಲಕ್ಷ್ಮೀದೇವಮ್ಮ, "ಯಾಕಕ್ಕಾ, ಸಮುದ್ರ ಬೇಡ್ವಾ?" ಎನ್ನುತ್ತಿದ್ದಳು. ಮೂಗಿಗೆ ತುಪ್ಪ ಸವರುವುದನ್ನು ಅವಳಿಂದ ಕಲಿಯಬೇಕು.

ಗಂಗಣ್ಣನಿಗೆ ಹಬೆಯಾಡುವ ನೀರು ಮೈಮೇಲೆ ಬೀಳದಿದ್ದರೆ ಬೆಳಗಾಗುವುದಿಲ್ಲ. ಕರಾವಳಿಯ ಆ ಸೆಕೆಯಲ್ಲೂ ಅದೇ ಬೇಕಂತೆ. ಆ ಮನೆಗೆ ಗೀಸರ್ ಕೊಳ್ಳಲು ದೊಡ್ಡಬಳ್ಳಾಪುರಕ್ಕೆ ಹೊರಟಾಗ, ಯಾರಿಗೆ ಎಷ್ಟು ನೀರು ಬೇಕು ಅಂತ ಅಕ್ಕನಿಗೇ ಗೊತ್ತು ಎಂದು ಸೊಣ್ಣಮ್ಮನನ್ನೂ ಕರೆದುಕೊಂಡರು. ನನಗೂ ಪೇಟೆಯಲ್ಲಿ ಕೆಲಸವಿತ್ತು, ಕಾರು ಹತ್ತಿದೆ.

ಅಂಗಡಿಯ ಆದಿನಾರಾಯಣಪ್ಪ ಎಲ್ಲ ಬಿಡಿಸಿ ಹೇಳಿದ. "ಅಲ್ಲಿ ಬೋರ್ ನೀರು ಉಪ್ಪು ಅಂತೀರ. ಬರೀ ಸ್ಟೀಲ್ ಟ್ಯಾಂಕ್ ಬೇಡ, ತೂತು ಬಿದ್ದೋಗ್ತದೆ. ಒಳಗಡೆ ಗಾಜಿನ ಲೇಪ ಇರೋದು ತಗೊಳ್ಳಿ. ಸ್ನಾನ ಮಾಡೋರು ಯಾರ್ಯಾರು ಅಂತ ಹೇಳಿ, ಸೈಜು ನಾನು ಹೇಳ್ತೀನಿ."

"ನೀನೇ ಹೇಳಕ್ಕ," ಎಂದ ಗಂಗಣ್ಣ.

ಸೊಣ್ಣಮ್ಮನನ್ನು ಯಾರಾದರೂ ಏನಾದರೂ ಕೇಳಿದ್ದು ನಾನು ಕಂಡಂತೆ ಅದೇ ಮೊದಲು. ಅವಳು ಸೆರಗು ಸರಿಮಾಡಿಕೊಂಡು, ಮನೆಯ ಸರದಿಯಂತೆಯೇ ಶುರುಮಾಡಿದಳು. "ನಮ್ಮ ತಮ್ಮನಿಗೆ ಎರಡು ಬಕೀಟು. ಕೆಂಪರಾಜನಿಗೆ ಒಂದೂವರೆ. ಮಗೀಗೆ ಅರ್ಧ ಸಾಕು. ಲಕ್ಷ್ಮಿಗೆ ಮಂಡಿನೋವು, ಬಿಸಿ ಜಾಸ್ತಿ ಬೇಕು. ಜ್ಯೋತಿಗೆ ತಲೆಸ್ನಾನದ ದಿನ ಎರಡು. ಇನ್ನು..."

"ಅಷ್ಟೇ," ಎಂದ ಗಂಗಣ್ಣ.

ಆದಿನಾರಾಯಣಪ್ಪ ಅವಳ ಮುಖ ನೋಡಿದ. "ಅಮ್ಮನೋರು ಹೋಗಲ್ವಾ?"

"ಅವರಿಗ್ಯಾಕಪ್ಪಾ ಗೀಸರು?" ಲಕ್ಷ್ಮೀದೇವಮ್ಮ ನಕ್ಕಳು. "ಹೊಗೆ ಇಲ್ದಿದ್ರೆ ಅವರಿಗೆ ಸ್ನಾನ ಮಾಡ್ದಂಗೇ ಆಗಲ್ಲ."

ಎಲ್ಲರೂ ನಕ್ಕರು. ಸೊಣ್ಣಮ್ಮನೂ ನಕ್ಕಳು. ತನ್ನನ್ನು ಆಡಿಕೊಂಡಾಗ ಎಲ್ಲರ ಜೊತೆ ತಾನೂ ನಗುವುದು ಅವಳಿಗೆ ರೂಢಿಯಾಗಿತ್ತು, ನನಗೆ ಮಾತ್ರ ಮೈ ಉರಿಯಿತು.

"ಹಂಗಾದ್ರೆ ಹದಿನೈದು ಲೀಟರ್ ಸಾಕು," ಎಂದ ಆದಿನಾರಾಯಣಪ್ಪ.

"ದೇವರಾಜ್ ಮನೆಯೋರೂ ಬರ್ತಿರ್ತಾರೆ. ಇಪ್ಪತ್ತೈದರದ್ದೇ ಕೊಡು," ಎಂದ ಗಂಗಣ್ಣ.

ಊರಿಗೆ ಬಂದು ಇಳಿದ ಮೇಲೆ ಸೊಣ್ಣಮ್ಮ ನನ್ನ ಕೈ ಹಿಡಿದು ಗೋಡೆಯ ಪಕ್ಕಕ್ಕೆ ಎಳೆದಳು. "ನೋಡಿದ್ಯಾ ಮಮತಾ, ದೊಡ್ಡದೇ ತಗೊಂಡ. ಬಾಯಲ್ಲಿ ಹಂಗಂತಾನೆ ಅಷ್ಟೇ. ನಂದೂ ಸೇರಿಸೇ ತಗೊಂಡವ್ನೆ."

"ಅದು ದೇವರಾಜ್ ಮನೆಯೋರಿಗೆ ಕಣಕ್ಕ."

"ಅವರೇನು ದಿನಾ ಬರ್ತಾರಾ?" ಎಂದಳು. ಆಮೇಲೆ ನಾನೇನು ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ.

ಹೊರಡುವ ದಿನ ಹೊಗೆ ಎಂದಿಗಿಂತ ಬೇಗ ಎದ್ದಿತು. ಸರದಿಯಂತೆ ಎಲ್ಲರ ಸ್ನಾನವಾಯಿತು. ಸೊಣ್ಣಮ್ಮ ತನ್ನ ಬಟ್ಟೆಯ ಚೀಲವನ್ನು ಬಾಗಿಲ ಬಳಿ ತಂದಿಟ್ಟುಕೊಂಡು ನಿಂತಿದ್ದಳು. ಲಕ್ಷ್ಮೀದೇವಮ್ಮ ಅವಳ ಬೆನ್ನು ಸವರಿದಳು.

"ಅಕ್ಕಾ, ನೀವೂ ಹೋಗಿ ಸ್ನಾನ ಮಾಡ್ಕೊಂಡು ಬನ್ನಿ. ನಿಮಗೇಂತ ಅರ್ಧ ಹಂಡೆ ಬಿಟ್ಟಿದೀವಿ, ಚೆನ್ನಾಗಿ ಕಾದಿದೆ. ನಿಧಾನಕ್ಕೆ ಮಾಡಿ, ಅವಸರ ಏನಿಲ್ಲ."

ಬಚ್ಚಲ ಬಾಗಿಲು ಹಾಕಿಕೊಂಡಿತು. ಒಳಗೆ ನೀರು ಸುರಿಯುವ ಸದ್ದು ಕೇಳುತ್ತಿದ್ದಂತೆ ಲಕ್ಷ್ಮೀದೇವಮ್ಮ ಗೋಡೆಯ ಹತ್ತಿರ ಬಂದು ಮನೆಯ ಬೀಗದ ಕೈ ನನಗೆ ಕೊಟ್ಟಳು. "ಹಸು ನೋಡ್ಕೊಬೇಕು ಅಂತ ಅವರಿಗೆ ಹೇಳಿಬಿಡು. ಎದುರಿಗೆ ಹೇಳಿದ್ರೆ ಅತ್ಕೊಂಡು ಕೂರ್ತಾರೆ. ಹೊರಡೋ ಹೊತ್ನಲ್ಲಿ ಕಣ್ಣೀರು ಒಳ್ಳೇದಲ್ಲ."

"ಹಸು ನಾನು ನೋಡ್ಕೊತೀನಿ. ಕರ್ಕೊಂಡು ಹೋಗಿ, ಪಾಪ," ಎಂದೆ.

"ಜಾಗ ಎಲ್ಲಿದೆ, ನೋಡು," ಎಂದಳು.

ಕಾರಿನ ಹಿಂದಿನ ಸೀಟಿನಲ್ಲಿ ಗೀಸರಿನ ಡಬ್ಬ ಕೂತಿತ್ತು. ಏಟು ಬೀಳದಿರಲೆಂದು ಅದಕ್ಕೆ ಸೊಣ್ಣಮ್ಮ ಹೊಲಿದ ಬೊಂತೆ ಸುತ್ತಿದ್ದರು. ಗಂಗಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಸದ್ದಿಲ್ಲದೆ ಹೊರಟುಹೋದರು.

ಸೊಣ್ಣಮ್ಮ ಹೊರಗೆ ಬಂದಾಗ ಬಿಸಿನೀರಿಗೆ ಅವಳ ಮುಖ ಕೆಂಪಗಾಗಿತ್ತು. ಒಳ್ಳೆಯ ಸೀರೆ ಉಟ್ಟಿದ್ದಳು. ಖಾಲಿ ಅಂಗಳ ನೋಡಿದಳು, ರಸ್ತೆಯವರೆಗೆ ಹೋಗಿ ನೋಡಿದಳು, ವಾಪಸು ಬಂದಳು. ನಾನು ಬೀಗದ ಕೈ ಕೊಟ್ಟು, ಅವರನ್ನು ಬಾಯಿಗೆ ಬಂದಂತೆ ಬೈದೆ.

"ಬೈಬೇಡ ಕಣೆ," ಎಂದಳು. "ನೀರು ಚೆನ್ನಾಗಿ ಕಾದಿತ್ತು. ಆಸೆಗೆ ಬಿದ್ದು ಹುಯ್ಕೊಂತಾನೇ ಇದ್ದೆ. ನಾನೇ ತಡ ಮಾಡ್ಬಿಟ್ಟೆ."

"ತಡ ಅಲ್ಲಕ್ಕ, ಬೇಕೂಂತಲೇ ಬಿಟ್ಟು ಹೋದ್ರು."

"ಇಲ್ಲ ಇಲ್ಲ. ಪಾಪ, ಅವರು ಎಷ್ಟೊತ್ತು ಅಂತ ಕಾಯ್ತಾರೆ?"

ಗಂಗಣ್ಣನ ಮನೆಯವರು ಆಮೇಲೂ ಕಡಲಿಗೆ ಹೋಗಿ ಬಂದರು, ಹೋಗಿ ಬರುತ್ತಲೇ ಇದ್ದಾರೆ. ಸೊಣ್ಣಮ್ಮ ಈಗಲೂ ಎಲ್ಲರಿಗೂ ನೀರು ಕಾಯಿಸುತ್ತಾಳೆ. ತಾನು ಮಾತ್ರ ಒಲೆ ಹಚ್ಚುವ ಮುಂಚೆಯೇ ತೊಟ್ಟಿಯ ತಣ್ಣೀರು ಸುರಿದುಕೊಂಡು ಸ್ನಾನ ಮುಗಿಸುತ್ತಾಳೆ. ಮಾಗಿಯ ಚಳಿಯಲ್ಲೂ ಅಷ್ಟೇ. ಯಾಕಕ್ಕ ಎಂದು ಕೇಳಿದರೆ, ಮುಂದಿನ ಸಲ ತಡವಾಗಬಾರದಂತೆ.