ಆಯುಧ ಪೂಜೆಯ ಮರುದಿನದಿಂದ

ಗಣಿಗಳು ಜೋರಾಗಿದ್ದ ವರ್ಷಗಳಲ್ಲಿ ನಾನು ಹೊಸಪೇಟೆಯಲ್ಲಿ ಒಂದು ಗಣಿ ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಎಷ್ಟು ನೋಡಿಕೊಂಡೆ ಎಂಬುದನ್ನೇ ಈಗ ಹೇಳಹೊರಟಿರುವುದು.

ಯಶವಂತನಗರದ ಗಣಿ ದವಾಖಾನೆಯ ಸಿಸ್ಟರ್ ಕೆಲಸಗಾರರ ಎದೆ ತಪಾಸಣೆಯ ವಿವರವನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದನ್ನು ನಿಲ್ಲಿಸಿ ಕಂಪ್ಯೂಟರ್ ಕೂರಿಸಿದವನು ನಾನು.

"ಇದು ಕೆಟ್ರ ಏನ್ ಮಾಡೋದ್ರಿ?" ಎಂದು ಅವರು ಕೇಳಿದರು.

ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲದರ ನಕಲು ತಾನಾಗಿಯೇ ಹೊಸಪೇಟೆ ಆಫೀಸಿನ ದೊಡ್ಡ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ, ಹೋಗುತ್ತದೆ, ಚಿಂತೆ ಬೇಡ ಎಂದೆ.

ಮೊದಲ ವಾರವೇ ಹೋಗಲಿಲ್ಲ. ಕಂಪ್ಯೂಟರು ಇನ್ನೊಂದನ್ನು ಹೆಸರು ಹಿಡಿದು ಕರೆಯುತ್ತದೆ. ಆ ಹೆಸರಿನದು ಯಾವ ನಂಬರಿನಲ್ಲಿದೆ ಎಂದು ಯಾರಾದರೂ ಹೇಳಬೇಕು. ಗಣಿಯಿಂದ ಕೇಳಿದರೆ ಹೇಳುವವರೇ ಇಲ್ಲ. ಹೆಸರು ಹಿಡಿದು ಕರೆದರೆ ಮೌನ, ನಂಬರು ಹಿಡಿದು ಕರೆದರೆ ತಟ್ಟನೆ ಉತ್ತರ. ಎರಡು ದಿನ ತಲೆ ಕೆರೆದುಕೊಂಡೆ. ಹೊರಗೆ ಸಂಡೂರಿನ ದಾರಿ ತುಂಬ ಅದಿರಿನ ಲಾರಿಗಳು, ಊಟದ ಡಬ್ಬಿಯಲ್ಲೂ ಕೆಂಪು ಧೂಳು. ಕೊನೆಗೆ ರೇಗಿಹೋಗಿ, ಸರ್ವರಿನ ಹೆಸರು, ನಂಬರು ಎರಡನ್ನೂ ದವಾಖಾನೆಯ ಕಂಪ್ಯೂಟರಿನೊಳಗೇ ಬರೆದುಬಿಟ್ಟೆ. ನಕಲು ಹೋಯಿತು. ಸದ್ಯಕ್ಕೆ ಇಷ್ಟು ಸಾಕು ಅಂದುಕೊಂಡೆ. ಹೊರಡುವಾಗ ಸಿಸ್ಟರಿಗೆ, "ಪರದೆ ಮ್ಯಾಲ ಏನಾರ ಬಂದ್ರ ಓಕೆ ಒತ್ತಿಬಿಡ್ರಿ," ಎಂದು ಬೇರೆ ಹೇಳಿದೆ.

ಆಮೇಲೆ ಆಯುಧ ಪೂಜೆ ಬಂತು. ನಮ್ಮ ಆಫೀಸಿನಲ್ಲಿ ಆ ದಿನ ಪ್ರತಿಯೊಂದು ಯಂತ್ರವನ್ನೂ ಆರಿಸಿ, ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಮರುದಿನದವರೆಗೆ ಯಾರೂ ಮುಟ್ಟುತ್ತಿರಲಿಲ್ಲ. ವರ್ಷವಿಡೀ ಆರದ ಸರ್ವರಿಗೂ ಅಂದು ವಿಶ್ರಾಂತಿ. ಅದರ ತಲೆಯ ಮೇಲೆ ಚೆಂಡು ಹೂ ಇಟ್ಟವನೂ ನಾನೇ. ಮರುದಿನ ಬೆಳಿಗ್ಗೆ ಮೊದಲು ಎದ್ದ ಯಂತ್ರಕ್ಕೆ ಮೊದಲ ನಂಬರು, ಆಮೇಲೆ ಎದ್ದದ್ದಕ್ಕೆ ಮುಂದಿನದು. ಸರ್ವರಿಗೆ ಕಾಯಂ ನಂಬರು ಕೊಡಬೇಕಿತ್ತು. ಸೋಮಾರಿತನ, ಇನ್ನೇನಲ್ಲ. ಹೊಸಪೇಟೆಯಲ್ಲಿ ಹೆಸರು ಕರೆದರೆ ಸರ್ವರು ಸಿಗುತ್ತಿದ್ದುದರಿಂದ ಇಲ್ಲಿ ಯಾರಿಗೂ ತೊಂದರೆಯಾಗಲಿಲ್ಲ.

ಬೇಸಿಗೆಯಲ್ಲಿ ಧೂಳು ತುಂಬಿ ದವಾಖಾನೆಯ ಕಂಪ್ಯೂಟರ್ ಸತ್ತಿತು. ದಾಖಲೆಯೆಲ್ಲ ಇದ್ದ ಡಿಸ್ಕನ್ನು ರಿಪೇರಿಯವನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಏನೂ ಸಿಗದು ಎಂದು ವಾಪಸು ಕೊಟ್ಟ. ನಕಲು ಇದೆಯಲ್ಲ ಎಂಬ ಧೈರ್ಯದಲ್ಲಿ ಸರ್ವರ್ ತೆರೆದೆ. ಕೊನೆಯ ನಕಲು ಆಯುಧ ಪೂಜೆಯ ಹಿಂದಿನ ದಿನದ್ದು. ನನ್ನ ಡೈರಿಯಲ್ಲಿದ್ದ ಹಳೆಯ ನಂಬರನ್ನು ಕರೆದೆ. ಉತ್ತರ ಕೊಟ್ಟಿದ್ದು ನಮ್ಮ ಆಫೀಸಿನ ಪ್ರಿಂಟರ್! ಪೂಜೆಯ ಮರುದಿನ ಅದು ಸರ್ವರಿಗಿಂತ ಮೊದಲು ಎದ್ದು ಆ ನಂಬರು ಹಿಡಿದಿತ್ತು. ಅಷ್ಟು ತಿಂಗಳು ದವಾಖಾನೆ ಪ್ರತಿ ಮಧ್ಯಾಹ್ನ ಅದರ ಬಾಗಿಲು ಬಡಿದು ವಾಪಸಾಗುತ್ತಿತ್ತು.

ಸಿಸ್ಟರಿಗೆ ಫೋನ್ ಮಾಡಿದೆ. "ದಿನಾ ಏನೋ ಬರ್ತಿತ್ರಿ. ನೀವು ಹೇಳಿದಂಗ ಓಕೆ ಒತ್ತಿದೆ," ಎಂದರು. ಅವರ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

ವಾರದೊಳಗೆ ಕಂಪ್ಲಿ ಕಡೆಯ, ಬಂಡೆ ಕೊರೆಯುವ ಒಬ್ಬ ಡ್ರಿಲ್ಲರ್ ಹೆಂಡತಿಯೊಂದಿಗೆ ಆಫೀಸಿಗೆ ಬಂದ. ದೀಪಾವಳಿ ಮುಗಿಸಿಕೊಂಡು ಕೆಲಸಕ್ಕೆ ಸೇರಿದ್ದವನು, ಈಗ ಕೆಮ್ಮಿದರೆ ರಕ್ತ. ಕ್ಯಾಂಪಿನ ಒಂದೇ ಶೆಡ್ಡಿನಲ್ಲಿ ಹತ್ತಾರು ಜನರ ನಡುವೆ ಮಲಗುತ್ತಿದ್ದನಂತೆ. ಕ್ಷಯ ಹೊತ್ತುಕೊಂಡೇ ಬಂದಿದ್ದಾನೆ ಎಂದು ಕಂಪನಿ ಅವನನ್ನು ಮನೆಗೆ ಕಳಿಸುವುದರಲ್ಲಿತ್ತು. ಸೇರಿದ ದಿನದ ತಪಾಸಣೆ ತೋರಿಸಿದರೆ ಕೆಲಸವೂ ಉಳಿಯುತ್ತಿತ್ತು, ಕಂಪನಿಯೇ ಚಿಕಿತ್ಸೆ ಕೊಡಿಸಬೇಕಿತ್ತು. ಅವತ್ತು ಅವನ ಎದೆ ಚೆನ್ನಾಗಿತ್ತು ಎಂದು ಸಿಸ್ಟರಿಗೆ ನೆನಪಿತ್ತು. ಮೇಲಿನವರು ನೆನಪನ್ನು ಒಪ್ಪಲಿಲ್ಲ, ದಾಖಲೆ ಕೇಳಿದರು.

"ಸಿಸ್ಟರ್ ಬರಕೊಂಡಿದ್ದು ನಾನ ನೋಡೀನ್ರಿ. ನಿಮ್ಮ ಡಬ್ಬ್ಯಾಗ ಐತಂತ," ಎಂದ.

ಕೀಲಿಮಣೆ ಎಳೆದುಕೊಂಡು ಅವನ ಹೆಸರು ಹೊಡೆದೆ. ಏನೂ ಬರಲಿಲ್ಲ.

ಹೆಂಡತಿ ನನ್ನ ಕುರ್ಚಿಯ ಹಿಂದೆ ಬಂದು ನಿಂತಳು. ಅವಳಿಗೆ ಓದು ಬರುತ್ತಿರಲಿಲ್ಲ, ಪರದೆ ಖಾಲಿ ಇರುವುದು ಮಾತ್ರ ಕಾಣುತ್ತಿತ್ತು. "ಇನ್ನೊಮ್ಮೆ ನೋಡ್ರಿ ಅಣ್ಣಾರ. ಜಲ್ದಿ ಬ್ಯಾಡ, ಸಾವಕಾಶ ನೋಡ್ರಿ," ಎಂದಳು.

ಇಲ್ಲವೆಂದು ಗೊತ್ತಿದ್ದೂ, ಅವಳು ನೋಡುತ್ತಿದ್ದಾಳೆಂದು, ಅವನ ಹೆಸರನ್ನು ಒಂದೊಂದೇ ಅಕ್ಷರವಾಗಿ ಮತ್ತೆ ಹೊಡೆದೆ.