ಟಪಾಲು ಚೀಲದಲ್ಲಿ ಉಳಿದ ಅರ್ಜಿ

ಗಿರಿಜಾಳ ವರ್ಗಾವಣೆ ಅರ್ಜಿಯನ್ನು ತಡೆದವಳು ನಾನು. ಮೇಲಿನ ಕಚೇರಿಯವರಲ್ಲ, ಅವಳ ಹಣೆಬರಹವೂ ಅಲ್ಲ — ನಾನು.

ಅದರಿಂದ ಏನೇನು ಆಗಬಹುದಿತ್ತು ಎಂಬ ಪಟ್ಟಿ ನನಗೆ ಬಾಯಿಪಾಠ. ಹೆಡ್‌ಮಾಸ್ತರರು ಸುಣ್ಣದ ಡಬ್ಬಿ ಹುಡುಕುತ್ತಾ ನನ್ನ ಚೀಲಕ್ಕೆ ಕೈ ಹಾಕಬಹುದಿತ್ತು. ತಪಾಸಣೆಗೆ ಬಂದವರು ಯಾರದೋ ಮೇಲಿನ ಸಿಟ್ಟಿಗೆ ಹೊರಹೋದ ಪತ್ರಗಳ ವಹಿಯನ್ನು ಸಾಲುಸಾಲಾಗಿ ಕೇಳಬಹುದಿತ್ತು. ನಾನು ಜ್ವರದಲ್ಲಿ ಬಡಬಡಿಸಬಹುದಿತ್ತು. ಅಮಾನತ್ತಾಗಬಹುದಿತ್ತು. ಹಡಗಲಿ ಬಸ್‌ಸ್ಟ್ಯಾಂಡಿನಲ್ಲಿ ಚುರಮುರಿ ಮಾರುವವನೂ ನನ್ನನ್ನು ನೋಡಿ ಮುಖ ತಿರುಗಿಸಬಹುದಿತ್ತು. ನನ್ನ ಗಂಡ — ಪಾಪ, ಯಾರಿಗೂ ಕೇಡು ಬಯಸದ ಮನುಷ್ಯ — ನಾನು ಮಾಡಿದ ಚಾ ಕುಡಿಯದೆ ಎದ್ದು ಹೋಗಬಹುದಿತ್ತು. ಇದ್ಯಾವುದೂ ಆಗಲಿಲ್ಲ. ನಾಲ್ಕು ವರ್ಷದಿಂದ ಕಾಯುತ್ತಿದ್ದೇನೆ, ಒಂದೂ ಆಗಿಲ್ಲ.

ನಾನು ಹಡಗಲಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗುಮಾಸ್ತೆ. ಊರ ಹೆಸರು ಬೇಡ, ಊರಿನದೇನೂ ತಪ್ಪಿಲ್ಲ. ಆಫೀಸು ಎಂದರೆ ಒಂದು ಕೋಣೆ, ಎರಡು ಮೇಜು, ಬಾಗಿಲು ಸರಿಯಾಗಿ ಕೂರದ ಮೂರು ಬೀರು. ಒಂದು ಮೇಜು ನನ್ನದು. ಎದುರಿನದು ಗಿರಿಜಾಳದು. ಗಂಡ ತೀರಿಕೊಂಡ ಮೇಲೆ ಅನುಕಂಪದ ಮೇಲೆ ಅವಳಿಗೆ ಬಂದ ನೌಕರಿ ಅದು. ಮಗಳನ್ನು ಕೊಟ್ಟೂರಿನಲ್ಲಿ ತಾಯಿಯ ಹತ್ತಿರ ಬಿಟ್ಟಿದ್ದಳು. ಶನಿವಾರ ಮಧ್ಯಾಹ್ನ ಹೋಗುವುದು, ಸೋಮವಾರ ಮೊದಲ ಬಸ್ಸಿಗೆ ಬರುವುದು.

ನನ್ನ ಸ್ವಭಾವ ಹೇಳಬೇಕೆಂದರೆ — ಬೀಗ ಹಾಕಿದ ಬೀರುವನ್ನು ಮೂರು ಸಲ ಎಳೆದು ನೋಡುವವಳು. ಗೇಟಿನ ತನಕ ಹೋಗಿ ವಾಪಸು ಬರುವವಳು. ಹತ್ತನೆಯ ತರಗತಿಯ ಹಾಲ್‌ಟಿಕೆಟ್ ಬಂದ ದಿನ ಊಟ ಸೇರುತ್ತಿರಲಿಲ್ಲ. ಆಗೆಲ್ಲ ಗಿರಿಜಾ ತನ್ನ ಡಬ್ಬಿಯ ರೊಟ್ಟಿ ಮುರಿದು ನನ್ನ ಮುಂದೆ ಇಡುವಳು.

"ಬೀಗ ಬಿದ್ದೈತಿ, ನಾ ನೋಡೀನಿ, ನಡೀರಿ ಅಕ್ಕಾರ. ನಿಮ್ಮ ಜೀವಕ್ಕ ಸಮಾಧಾನ ಹೇಳಾಕಂತನ ಸರ್ಕಾರ ಇನ್ನೊಂದು ಹುದ್ದಿ ಮಂಜೂರು ಮಾಡಬೇಕು ನೋಡ್ರಿ."

ಬೀಗ ಬಿದ್ದಿದೆ ಎಂದು ನನ್ನ ಕಣ್ಣು ಹೇಳಿದರೆ ನಂಬದ ನಾನು, ಅವಳು ಹೇಳಿದರೆ ನಂಬುತ್ತಿದ್ದೆ. ಎಂಟು ವರ್ಷ ಹಾಗೆ ನಂಬಿಕೊಂಡು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದೆ.

ಆ ಬೇಸಿಗೆ ಕೊಟ್ಟೂರಿನ ಒಂದು ಶಾಲೆಯಲ್ಲಿ ಅವಳ ದರ್ಜೆಯ ಜಾಗ ಖಾಲಿಯಾಯಿತು. ಅರ್ಜಿ ಬರೆಯುತ್ತಾ ಒಮ್ಮೆ ಪೆನ್ನು ನಿಲ್ಲಿಸಿ ಹೇಳಿದಳು: "ಸೋಮವಾರ ನಸುಕಿನ್ಯಾಗ ಅಕಿ ಮಲಗಿದ್ದಾಗನ ಬಿಟ್ಟು ಬರ್ತೀನ್ರಿ. ಎಚ್ಚರಿದ್ದ ಮಗಳನ್ನ ಸಾಲಿಗೆ ಕಳಸೋದು ಹೆಂಗಿರತೈತಿ ಅಂತ ಒಂದ್ಸಲ ನೋಡಬೇಕು. ಈಗ ಹತ್ತು ತುಂಬೇತಿ. ಇನ್ನ ತಡಾ ಮಾಡಿದ್ರ ಅಕಿಗೆ ನಾ ಬೇಕಾಗಂಗಿಲ್ಲ."

ನಾನು "ಹೌದವ್ವ" ಎಂದೆ. ಬಾಯಿ ಅಂದಿತು.

ನಮ್ಮ ಆಫೀಸಿನಲ್ಲೊಂದು ರೂಢಿ. ತನ್ನ ಅರ್ಜಿಯನ್ನು ತಾನೇ ಮೇಲಿನ ಕಚೇರಿಗೆ ಒಯ್ಯಬಾರದು — ಅವಸರ ಬಿದ್ದವರಂತೆ ಕಾಣುತ್ತದೆ ಎಂದು. ಇನ್ನೊಂದು: ವಹಿಯಲ್ಲಿ ನಂಬರು ಬಿದ್ದರೆ ಕಾಗದ ಹೋದ ಲೆಕ್ಕ. ವಹಿ ಬರೆಯುವವಳು ಗಿರಿಜಾಳೇ. ಅರ್ಜಿ ತಲುಪಿಸುವ ಕೊನೆಯ ದಿನ ಬೆಳಿಗ್ಗೆ ತನ್ನ ಅರ್ಜಿಗೆ ತಾನೇ ನಂಬರು ಹಾಕಿ, ಹೆಡ್‌ಮಾಸ್ತರರ ಸಹಿ ಮಾಡಿಸಿ, ಬೇರೆ ಐದು ಲಕೋಟೆಗಳ ಜೊತೆ ನನ್ನ ಟಪಾಲು ಚೀಲಕ್ಕೆ ಹಾಕಿದಳು. ಚೀಲದ ಜಿಪ್ಪು ಎಳೆದು, ನಾನು ಎಳೆಯುವಂತೆಯೇ ಮೂರು ಸಲ ಎಳೆದು ತೋರಿಸಿ ನಕ್ಕಳು.

ಹಡಗಲಿಗೆ ಹೋಗುವ ಬಸ್ಸಿನಲ್ಲಿ ನಾನು ಬೇರೇನೂ ಯೋಚಿಸಲಿಲ್ಲ. ಎದುರಿನ ಮೇಜನ್ನು ಯೋಚಿಸಿದೆ, ಅಷ್ಟೇ. ಅಲ್ಲಿ ಯಾರೋ ಒಬ್ಬ ಹೊಸಬ, ಕಿವಿಗೆ ಫೋನು ಹಚ್ಚಿಕೊಂಡು — ಅವನನ್ನು ಹೋಗಿ ಕೇಳಲೇ, ತಮ್ಮಾ, ಬೀಗ ಬಿದ್ದಿದೆಯಾ ನೋಡು ಎಂದು?

ಟಪಾಲು ತೆಗೆದುಕೊಳ್ಳುವ ಕಿಟಕಿಯಲ್ಲಿ ಐದು ಲಕೋಟೆ ಇಟ್ಟೆ. ಆರನೆಯದನ್ನು ಬೆರಳು ಮುಟ್ಟಿತ್ತು. ಒಳಗಿದ್ದವನು ಎಣಿಸುವ ಗೋಜಿಗೂ ಹೋಗದೆ, ನಮ್ಮ ಟಪಾಲು ಪುಸ್ತಕದಲ್ಲಿ ಆರೂ ನಂಬರಿದ್ದ ಪುಟದ ಕೆಳಗೆ ಒಂದೇ ಮೊಹರು ಒತ್ತಿ ಕೇಳಿದ:

"ಇಷ್ಟ ಏನ್ರಿ ಅಕ್ಕಾರ?"

"ಇಷ್ಟರೀ."

ನಾಳೆ ಕೊಟ್ಟರಾಯಿತು ಎಂದುಕೊಂಡೆ — ಅವತ್ತೇ ಕೊನೆಯ ದಿನ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ವರ್ಗಾವಣೆಯ ಪಟ್ಟಿ ಬಂತು, ಅವಳ ಹೆಸರಿರಲಿಲ್ಲ. ಹೆಡ್‌ಮಾಸ್ತರರು ಫೋನು ಮಾಡಿದರೆ "ಅರ್ಜೀನ ಬಂದಿಲ್ರಿ" ಎಂದರಂತೆ. "ನಮ್ಮ ಪುಸ್ತಕದಾಗ ನಿಮ್ಮ ಮೊಹರು ಐತಲ್ರೀ" ಎಂದು ಇವರು ರೇಗಿದರು. ಆ ಕಿಟಕಿಯವನಿಗೆ ಎಲ್ಲರೆದುರು ಉಗಿಸಿಕೊಳ್ಳುವ ಪಾಳಿ ಬಂತು. ನಾನೂ ದನಿಗೂಡಿಸಿದೆ: "ಅವರಾ ಎಲ್ಲ್ಯೋ ಕಳದಿರಬೇಕು." ಹೇಳುತ್ತಾ ಹೇಳುತ್ತಾ ಅತ್ತೆ. ಗಿರಿಜಾ ಎದ್ದು ಬಂದು ಬೆನ್ನು ಸವರಿದಳು. "ಅಯ್ಯ, ನೀವ್ಯಾಕ ಅಳ್ತೀರಿ ಅಕ್ಕಾರ? ಮುಂದಿನ ವರ್ಷ ಇಲ್ಲೇನು?"

ಅವಳ ಕೈ ಬೆನ್ನ ಮೇಲಿದ್ದಾಗ ಹೇಳಬೇಕಿತ್ತು. ಚೀಲ ಅಲ್ಲೇ, ಕುರ್ಚಿಯ ಹಿಂದೆ ತೂಗುತ್ತಿತ್ತು —

ಆ ಒಂದು ವರ್ಷ ಅವಳು ನನ್ನ ಎದುರಿಗಿದ್ದಳು. ಹೇಗಿತ್ತು ಎನ್ನುತ್ತೀರಾ? ಬೀಗ ಬಿದ್ದೈತಿ ಎಂದಳು, ರೊಟ್ಟಿ ಮುರಿದಿಟ್ಟಳು, ನಕ್ಕಳು. ನಾನು ಅವಳ ಮುಖ ನೋಡದೆ ತಿಂದೆ. ಕದ್ದು ಇಟ್ಟುಕೊಂಡವಳಿಗೆ ಇದ್ದವಳೂ ಇಲ್ಲದಂತಾದಳು.

ಮರುವರ್ಷ ಅವಳಿಗೆ ಕೊಟ್ಟೂರು ಸಿಕ್ಕಿತು. ಎದುರಿನ ಮೇಜಿಗೆ ಇನ್ನೂ ಯಾರೂ ಬಂದಿಲ್ಲ. ಶಾಲೆ ಬಿಟ್ಟ ಮೇಲೆ ಬೀರು ಎಳೆದು ನೋಡಿ, ಆ ಕಡೆ ತಿರುಗಿ ಒಂದು ಗಳಿಗೆ ನಿಲ್ಲುತ್ತೇನೆ. ಆ ಅರ್ಜಿಯನ್ನು ಹರಿಯಲಿಲ್ಲ, ಸುಡಲಿಲ್ಲ. ಅವಳು ಬರೆದ ನಂಬರು ಅದರ ಮೇಲೆ ಹಾಗೇ ಇದೆ. ಈ ಭಾನುವಾರ ಕೊಟ್ಟೂರಿಗೆ ಹೋಗಿ ಅವಳ ಕೈಗೆ ಕೊಡುತ್ತೇನೆ. ಹೆಡ್‌ಮಾಸ್ತರರಿಗೂ ಬರೆದುಕೊಡುತ್ತೇನೆ, ಆ ಕಿಟಕಿಯವನದು ತಪ್ಪಿಲ್ಲ ಎಂದೂ ಅದರಲ್ಲಿ ಇರುತ್ತದೆ. ಕ್ಷಮಿಸು ಎಂದು ಕೇಳಲು ಅಲ್ಲ. ಕ್ಷಮಿಸಿಬಿಡುತ್ತಾಳೆ ಎಂಬ ಹೆದರಿಕೆಯೂ ನನಗಿದೆ.

ನಾನು ಮಾಡಿದ್ದರಿಂದ ನಿಜವಾಗಿ ಆಗಿದ್ದು ಇಷ್ಟೇ, ಅದನ್ನೂ ಅವಳೇ ಹೇಳಿದ್ದು. ಹೊಸ ಶಾಲೆಗೆ ಹಾಜರಾದ ವಾರ ಫೋನು ಮಾಡಿದ್ದಳು, ನಗುತ್ತಲೇ ಶುರು ಮಾಡಿದಳು. ಟ್ರಂಕು ಹಾಸಿಗೆ ಸಮೇತ ಮನೆ ಸೇರಿದ ದಿನ ಮಗಳು ಬಾಗಿಲಿಗೆ ಬಂದು ಚೊಂಬಿನಲ್ಲಿ ಕಾಲಿಗೆ ನೀರು ಕೊಟ್ಟಳಂತೆ, ಬೀಗರಿಗೆ ಕೊಟ್ಟಂತೆ. ಚಾಪೆ ಹಾಸಿದಳಂತೆ. ಆಮೇಲೆ ಎದುರಿಗೆ ಕೂತು, ಬಹಳ ಮರ್ಯಾದೆಯಿಂದ ಕೇಳಿದಳಂತೆ:

"ಎಷ್ಟು ದಿನ ಇರ್ತೀಬೇ ಅವ್ವ?"