ಪೇಟ ಒಂದು, ಅಭ್ಯರ್ಥಿಗಳು ಇಬ್ಬರು

ಒಂದೇ ಮೈಸೂರು ಪೇಟವನ್ನು ಅರ್ಧ ಗಂಟೆಯೊಳಗೆ ಇಬ್ಬರು ಎದುರಾಳಿಗಳ ತಲೆಗೆ ತೊಡಿಸಿದ ಅನುಭವ ನಿಮಗಿದೆಯೇ? ನನಗಿದೆ. ಕಳೆದ ಶನಿವಾರದ್ದು.

ಊರಿನಿಂದ ತರಿಸಿದ್ದು ಎರಡು ಪೇಟ. ಅದರಲ್ಲಿ ಒಂದು, ಅಮೆರಿಕನ್ ತಲೆಗೆ ಸಾಲಲಿಲ್ಲ. (ನಮ್ಮ ಅಳತೆಗೆ ಮಾಡಿದ್ದು, ಅದರ ತಪ್ಪೇನು?) ಹಾಗಾಗಿ ಮೊದಲನೆಯವರಿಗೆ ತೊಡಿಸಿ, ಫೋಟೊ ಹೊಡೆಸಿ, ಮೆಲ್ಲಗೆ ತೆಗೆಸಿಕೊಂಡು ಎರಡನೆಯವರಿಗೆ ತೊಡಿಸಿದೆವು. ತೊಡಿಸುವ ಕೆಲಸ ನನ್ನದು. ಸಂಘದಲ್ಲಿ ನನ್ನ ಹುದ್ದೆ ಹೆಚ್ಚುಕಡಿಮೆ ಅಷ್ಟೇ.

ಇಬ್ಬರೂ ನಮ್ಮ ಜಾರ್ಜಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಆಗಲು ಹೊರಟವರು. ರಾಜ್ಯದ ಚುನಾವಣೆ ನಡೆಸುವ ಯಜಮಾನಿಕೆ ಅದು. ಕರ್ನಾಟಕದಲ್ಲಿ ಆ ಕುರ್ಚಿಗೆ ಅಧಿಕಾರಿಯೊಬ್ಬರನ್ನು ನೇಮಿಸುತ್ತಾರೆ, ಅವರ ಹೆಸರೂ ನಮಗೆ ಗೊತ್ತಿರುವುದಿಲ್ಲ. ಇಲ್ಲಿ ಹಾಗಲ್ಲ. ಪಕ್ಷದ ಟಿಕೆಟ್ ಗಿಟ್ಟಿಸಿ, ಕಂಡಕಂಡ ಅಂಗಳದಲ್ಲಿ ಬೋರ್ಡು ನೆಟ್ಟು, ಓಟು ಕೇಳಿಕೊಂಡೇ ಬರಬೇಕು. ಅಂಪೈರನೇ ಒಂದು ಟೀಮಿನ ಜರ್ಸಿ ತೊಟ್ಟು ಬಂದ ಹಾಗೆ.

ಇವರು ಲಾರೆನ್ಸ್‌ವಿಲ್‌ನ ನಮ್ಮ ಕನ್ನಡ ಸಂಘಕ್ಕೆ ಬಂದದ್ದು ಯಾಕೆ? ನಮ್ಮಲ್ಲಿ ಸಿಟಿಜನ್ ಆದವರ ಓಟಿಗೆ. ನಾವು ಕರೆದದ್ದು ಯಾಕೆ? ಫೋಟೊಗೆ.

ಈಗ ಐರಿನ್ ಆಂಟಿ ವಿಷಯಕ್ಕೆ ಬರುತ್ತೇನೆ. ಉಡುಪಿ ಕಡೆಯವರು, ರಿಟೈರ್ಡ್ ನರ್ಸ್. ಸಿಟಿಜನ್ ಆದಾಗಿನಿಂದ ಪ್ರತಿ ಚುನಾವಣೆಯಲ್ಲೂ ನಮ್ಮ ಬೂತಿನಲ್ಲಿ ಪೋಲ್ ವರ್ಕರ್. ಬೆಳಕು ಹರಿಯುವ ಮೊದಲೇ ಹೋಗಿ, ಬಂದವರ ಐಡಿ ನೋಡಿ, ಓಟು ಹಾಕಿದವರಿಗೆ ಸ್ಟಿಕ್ಕರ್ ಕೊಟ್ಟು ನಗುತ್ತಾ ಕಳಿಸುವವರು. 2020ರ ಚುನಾವಣೆ ಮುಗಿದ ಮೇಲೆ, ಬೂತಿನವರೇ ಮೋಸ ಮಾಡಿದರು ಎಂದು ಸೋತ ಕಡೆಯವರು ಕೂಗಾಡುತ್ತಿದ್ದಾಗ, ಯಾರೋ ಅವರ ಕಾರನ್ನು ಮನೆಯವರೆಗೂ ಹಿಂಬಾಲಿಸಿದ. ಗ್ಯಾರೇಜಿನ ಎದುರು ನಿಂತು ಫೋನಿನಲ್ಲಿ ವಿಡಿಯೊ ಮಾಡಿಕೊಂಡ. ಆಮೇಲೆ ಕರೆಗಳು ಶುರುವಾದವು. ಕಳ್ಳಿ ಎಂದರು. ಇನ್ನೂ ಏನೇನೋ ಎಂದರು, ಅದನ್ನು ಇಲ್ಲಿ ಬರೆಯಲಾರೆ. ಆಂಟಿ ಮನೆಗೆ ಕ್ಯಾಮೆರಾ ಹಾಕಿಸಿದರು. ಮುಂದಿನ ಚುನಾವಣೆಗೆ ಮತ್ತೆ ಹೋದರು.

ಈ ಸಲ ಮಗಳು ಹಟ ಹಿಡಿದಿದ್ದಳು, ಸಾಕಮ್ಮ ಎಂದು. "ಅವರಿಬ್ಬರೂ ಬರ್ತಾರಲ್ಲ, ಒಂದು ಪ್ರಶ್ನೆ ಕೇಳ್ತೇನೆ. ಉತ್ತರ ನೋಡಿ ಈ ಸಲ ಬೂತಿನ ಕೆಲಸಕ್ಕೆ ಹೆಸರು ಕೊಡುವುದಾ ಬೇಡವಾ ಅಂತ ಹೇಳ್ತೇನೆ" ಎಂದಿದ್ದರು ಆಂಟಿ.

ಸಂಘದ ಅಧ್ಯಕ್ಷ ರಘುಗೆ ಇದು ಹಿಡಿಸಲಿಲ್ಲ. "ಆಂಟಿ, ಗೆಸ್ಟ್ಸ್‌ನ ಕರೆಸಿ ಎಂಬ್ಯಾರಸ್ ಮಾಡೋದಾ? ನಮ್ದು ಕಲ್ಚರಲ್ ಆರ್ಗನೈಸೇಷನ್. ಪಾಲಿಟಿಕ್ಸ್ ಬೇಡ" ಎಂದ. (ಚುನಾವಣೆಗೆ ನಿಂತವರನ್ನು ಕರೆಸಿ ಪಾಲಿಟಿಕ್ಸ್ ಬೇಡವಂತೆ!)

ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿಯಿತು. ವಂದನಾರ್ಪಣೆಗೆ ಮೊದಲು ಆಂಟಿ ಎದ್ದು ನಿಂತರು. ಕೈಯಲ್ಲಿ ಮೈಕ್ ಇಲ್ಲ. ವಾರ್ಡಿನಲ್ಲಿ ಪಳಗಿದ ಗಂಟಲು, ಬೇಕಾಗಲೂ ಇಲ್ಲ. ಇಂಗ್ಲಿಷಿನಲ್ಲೇ ಕೇಳಿದರು: ನೀವು ಸೋತರೆ, ಮಾರನೇ ದಿನ ಕ್ಯಾಮೆರಾ ಮುಂದೆ ನಿಂತು, ಬೂತಿನಲ್ಲಿ ಕೂತವರು ಮೋಸ ಮಾಡಿಲ್ಲ ಅಂತ ಹೇಳುತ್ತೀರಾ?

ಮೊದಲನೆಯವರು "ಗ್ರೇಟ್ ಕ್ವೆಶ್ಚನ್" ಎಂದರು. ಟ್ರೈನಿಂಗ್ ಎಂದರು, ಟೆಕ್ನಾಲಜಿ ಎಂದರು, ನಿಮ್ಮ ಸಮುದಾಯದ ಕೊಡುಗೆ ದೊಡ್ಡದು ಎಂದರು. ಹೌದು ಎಂಬ ಒಂದು ಮಾತು ಬಿಟ್ಟು ಎಲ್ಲವನ್ನೂ ಹೇಳಿದರು.

ಎರಡನೆಯವರು ಪೇಟ ಸರಿಮಾಡಿಕೊಂಡು ನಕ್ಕರು. "ಎಲೆಕ್ಷನ್ ಪ್ರಾಮಾಣಿಕವಾಗಿ ನಡೆದಿದ್ದರೆ, ಖಂಡಿತ."

ಚಪ್ಪಾಳೆ. ಜೋರು ಚಪ್ಪಾಳೆ. ನಮ್ಮವರದೇ.

"ನಡೆಸುವವಳು ನಾನೇ. ನಾನು ಪ್ರಾಮಾಣಿಕಳಾ?" ಎಂದರು ಆಂಟಿ. ಅಷ್ಟರಲ್ಲಿ ರಘು ಮೈಕ್ ಹಿಡಿದು ಊಟ ರೆಡಿ ಎಂದು ಘೋಷಿಸಿಬಿಟ್ಟ. ಬಿಸಿಬೇಳೆಬಾತ್ ಮುಂದೆ ಸಾಲು ಬೆಳೆಯಿತು. ಆಂಟಿ ಇನ್ನೂ ನಿಂತೇ ಇದ್ದರು. ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು.

ಆಂಟಿ ಹೊರಟಾಗ ಪಾರ್ಕಿಂಗ್ ಲಾಟಿನವರೆಗೆ ಹಿಂದೆಯೇ ಓಡಿದೆ. "ಆಂಟಿ, ಬೇಜಾರು ಮಾಡ್ಕೋಬೇಡಿ."

"ಬೇಜಾರು ಎಂತಕ್ಕೆ ಮಾರಾಯ? ಹೆಸರು ಕೊಡುವುದಿಲ್ಲ, ಅಷ್ಟೆ" ಎಂದರು. ಕಾರಿನ ಬಾಗಿಲು ತೆಗೆದವರು ತಿರುಗಿದರು. "ಅವತ್ತು ನನ್ನ ಹಿಂದೆ ಬಂದವನು ಯಾರು ಅಂತ ನಂಗೆ ಗೊತ್ತಿರ್ಲಿಲ್ಲ. ಇವತ್ತು ಚಪ್ಪಾಳೆ ಹೊಡೆದವರಲ್ಲಿ ಇಬ್ಬರ ಹೆಂಡ್ತಿಯರ ಬಾಣಂತನ ನಾನೇ ಮಾಡಿದ್ದು."

ನಮ್ಮವರು ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಾರೆ. ಸಿಟಿಜನ್ ಆದ ದಿನ ಬಾವುಟ ಹಿಡಿದು ಫೋಟೊ ಹಾಕುತ್ತಾರೆ. ಓಟಿನ ಹಕ್ಕು ಬಂತು ಎಂದು ಕಣ್ಣೀರೂ ಹಾಕುತ್ತಾರೆ, ಸುಳ್ಳಲ್ಲ. ಆದರೆ ಆ ಓಟು ಕಾಯಲು ಕೂತ ಹೆಂಗಸನ್ನು ಕಳ್ಳಿ ಎಂದರೆ? ಆಗ ಬಿಸಿಬೇಳೆಬಾತ್ ಆರಿಹೋಗುತ್ತದೆ, ನೋಡಿ.

ನಿನ್ನೆ ರಘು ಫೋನ್ ಮಾಡಿದ್ದ. ನಮ್ಮ ಬೂತಿಗೆ ಜನ ಸಾಲದು ಎಂದು ಕೌಂಟಿಯ ಚುನಾವಣಾ ಕಚೇರಿಯವರು ಕೇಳುತ್ತಿದ್ದಾರಂತೆ. ಸಂಘದ ಕಡೆಯಿಂದ ಯಾರಾದರೂ ಹೋದರೆ ಒಳ್ಳೆ ಹೆಸರಂತೆ. ನಾನಿನ್ನೂ ವೀಸಾದ ಮೇಲೆ ಇರುವವನು, ಹೋಗುವ ಹಾಗಿಲ್ಲ.

"ನೀನು ಸಿಟಿಜನ್ ಅಲ್ವೇನೋ, ನೀನೇ ಹೋಗು" ಎಂದೆ.

"ಅಯ್ಯೋ, ಮನೇಲಿ ಚಿಕ್ಕ ಮಕ್ಕಳಿದಾರೆ ಕಣೋ. ಆ ರಿಸ್ಕೆಲ್ಲಾ ಯಾಕೆ?"

ಅಂದರೆ, ರಿಸ್ಕ್ ಇರುವುದು ಇವನಿಗೂ ಗೊತ್ತಿತ್ತು.